ಓಟ ಬಂತು, ತೊಡೆಯ ಬಲ ಹೋಗಲಿಲ್ಲ: ಕಾರವಾರದ ಬೀಚಿನಲ್ಲಿ ಮೂರು ತಿಂಗಳ ತರಬೇತಿ

ಹೋದ ಸಲ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ 1600 ಮೀಟರ್ ಓಟ ಪಾಸಾಗಿಯೂ ನಾನು ಮನೆಗೆ ಬಂದೆ. ಬಿದ್ದದ್ದು ಗುಂಡು ಎಸೆತದಲ್ಲಿ. 7.26 ಕಿಲೋ ಗುಂಡು 5.60 ಮೀಟರ್ ದಾಟಬೇಕು. ನನ್ನದು ಮೂರು ಸಲವೂ ಗೆರೆಯ ಈಚೆಗೇ ಬಿತ್ತು. ಆರು ತಿಂಗಳ ಮೊದಲು ಅದೇ ಗುಂಡನ್ನು ಆರು ಮೀಟರ್ ಹತ್ತಿರ ಎಸೆಯುತ್ತಿದ್ದೆ. ನಡುವೆ ಬೇರೆ ಊರಿನ ಒಂದು ತರಬೇತಿ ಕೇಂದ್ರ ಸೇರಿದ್ದೆ. ಅಲ್ಲಿ ಎಲ್ಲರಿಗೂ ಒಂದೇ ಮದ್ದು: ದಿನಾ ಎಂಟು ಕಿಲೋಮೀಟರ್ ಓಟ, ಜಿಮ್ ಪೂರ್ತಿ ಬಂದ್. ಏಳು ಕಿಲೋ ಇಳಿದೆ. ಎದೆ ಸುತ್ತಳತೆ 86 ಸೆಂಟಿಮೀಟರ್ ಮುಟ್ಟಿಸಲು ಕೂಡ ಉಸಿರು ಕಟ್ಟಿ ನಿಲ್ಲಬೇಕಾಯಿತು. ಆ ದಿನದ ಸಂಕಟ ಇನ್ನೂ ಮರೆತಿಲ್ಲ.

ಅದಕ್ಕೇ ಕಾರವಾರದ ಈ ತರಬೇತಿಯ ಬಗ್ಗೆ ವಿವರವಾಗಿ ಬರೆಯುತ್ತಿದ್ದೇನೆ. ಇದಕ್ಕೆ ಬೋರ್ಡಿಲ್ಲ, ಆಫೀಸಿಲ್ಲ. ಸೈನ್ಯದಿಂದ ನಿವೃತ್ತರಾದ ಒಬ್ಬರು ಬೆಳಿಗ್ಗೆ ಐದೂವರೆಗೆ ಟ್ಯಾಗೋರ್ ಬೀಚಿನಲ್ಲಿ, ಚಪಲ್ ಯುದ್ಧನೌಕೆ ನಿಲ್ಲಿಸಿರುವ ಕಡೆ, ಹುಡುಗರನ್ನು ಸೇರಿಸುತ್ತಾರೆ. ತಿಂಗಳಿಗೆ 1500 ರೂಪಾಯಿ. ನಾನು ಶಿರಸಿ ಕಡೆಯವನು, ಕೋಡಿಬಾಗದಲ್ಲಿ ರೂಮು ಮಾಡಿಕೊಂಡು ಮೂರು ತಿಂಗಳು ಹೋದೆ.

ಮೊದಲ ದಿನ ಅವರು ಓಡಿಸಲೇ ಇಲ್ಲ. "ಸ್ಕ್ವಾಟ್ ಎಷ್ಟು ಎತ್ತುತ್ತೀಯ ತಮಾ?" ಎಂದು ಕೇಳಿದರು. ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವುದೇ ಸ್ಕ್ವಾಟ್. ಎಂಬತ್ತು ಕಿಲೋ, ಒಂದು ಸೆಟ್ಟಿಗೆ ಐದು ಸಲದಂತೆ ಐದು ಸೆಟ್ ಎಂದೆ. "ಎಂಬತ್ತು ಎಂಬತ್ತೇ ಇರಲಿ. ಐದು ಸೆಟ್ ಇದ್ದದ್ದು ಎರಡಾಗಲಿ. ವಾರಕ್ಕೆ ಎರಡೇ ಸಲ."

ನನ್ನ ಮಟ್ಟಿಗೆ ಇಡೀ ತರಬೇತಿಯ ಬೆಲೆ ಈ ಮಾತಿನಲ್ಲಿದೆ. ಓಟ ಶುರುವಾದಾಗ ನಾವೆಲ್ಲ ಮಾಡುವುದು ತಿರುಗುಮುರುಗು. ಭಾರ ಇಳಿಸಿ, ಹಗುರ ತೂಕವನ್ನು ಇಪ್ಪತ್ತು ಮೂವತ್ತು ಸಲ ಎತ್ತುತ್ತೇವೆ. ಕಾಲು ದಣಿಯುತ್ತದೆ, ಬಲ ಉಳಿಯುವುದಿಲ್ಲ. ಭಾರ ಹಾಗೇ ಇಟ್ಟು ಸೆಟ್ ಕಡಿಮೆ ಮಾಡಿದರೆ, ಈ ಸ್ನಾಯು ಇನ್ನೂ ಬೇಕು ಎನ್ನುವುದು ದೇಹಕ್ಕೆ ತಿಳಿದಿರುತ್ತದೆ, ಮರುದಿನದ ಓಟಕ್ಕೆ ಕಾಲೂ ಸಿಗುತ್ತದೆ. ಜಿಮ್ಮಿಗೆ ಹೋಗಬೇಕಾದದ್ದು ಜೋರು ಓಟದ ದಿನವೇ, ಸಂಜೆ. ಇದು ನನಗೆ ವಿಚಿತ್ರ ಅನಿಸಿತ್ತು. ಆದರೆ ಹಾಗೆ ಮಾಡಿದರೆ ವಿಶ್ರಾಂತಿಯ ದಿನ ನಿಜವಾಗಿ ವಿಶ್ರಾಂತಿಯಾಗುತ್ತದೆ.

ಓಟ ವಾರಕ್ಕೆ ನಾಲ್ಕೇ ದಿನ. 1600 ಮೀಟರಿಗೆ ಇರುವ ಸಮಯ 6 ನಿಮಿಷ 30 ಸೆಕೆಂಡ್, ಅಂದರೆ 400 ಮೀಟರಿನ ಒಂದು ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡ್. ಸೋಮವಾರ ಮಾಲಾದೇವಿ ಮೈದಾನದಲ್ಲಿ 400 ಮೀಟರಿನ ಆರು ಓಟ, ಒಂದೊಂದೂ 93 ಸೆಕೆಂಡಿನ ಆಸುಪಾಸು, ನಡುವೆ ಎರಡು ನಿಮಿಷ ನಡಿಗೆ. ಶುಕ್ರವಾರ 200 ಮೀಟರಿನ ಎಂಟು. ಇನ್ನೆರಡು ದಿನ ಬೀಚಿನಲ್ಲಿ ನಾಲ್ಕೈದು ಕಿಲೋಮೀಟರ್, ಪಕ್ಕದವನ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನ.

ಬೀಚಿನ ಓಟದಲ್ಲಿ ಅವರು ಕಲಿಸಿದ್ದೊಂದು ನನಗೆ ತುಂಬಾ ಇಷ್ಟ. ನೀರು ಇಳಿದಾಗ ಗಟ್ಟಿಯಾದ ಒದ್ದೆ ಮರಳಿನ ಮೇಲೆ ನೂರು ಮೀಟರ್ ಬರಿಗಾಲಲ್ಲಿ ಓಡಿಸಿ, ವಾಪಸ್ ಬರುವಾಗ ನಮ್ಮ ಹೆಜ್ಜೆ ಗುರುತುಗಳನ್ನು ನಾವೇ ನೋಡುತ್ತ ಬರಬೇಕು. ನನ್ನ ಹಿಮ್ಮಡಿಯ ಜಾಗದಲ್ಲಿ ಚಮಚದಿಂದ ತೋಡಿದಂಥ ಗುಂಡಿ ಇತ್ತು, ಅದರ ಮುಂದೆ ಮರಳು ಒತ್ತಿ ದಿಬ್ಬವಾಗಿತ್ತು. "ಪ್ರತಿ ಹೆಜ್ಜೆಗೂ ಬ್ರೇಕ್ ಹಾಕ್ತಾ ಇದ್ದೀಯ" ಎಂದರು. ಕಾಲನ್ನು ತೀರಾ ಮುಂದೆ ಚಾಚುತ್ತಿದ್ದೆ. ಹೆಜ್ಜೆ ಗಿಡ್ಡ ಮಾಡಿ ಬೇಗ ಬೇಗ ಇಡತೊಡಗಿದ ಮೂರನೇ ವಾರಕ್ಕೆ ಆ ಗುಂಡಿ ಮಾಯವಾಯಿತು, ಮೊಣಕಾಲ ನೋವೂ ಹೋಯಿತು. ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುವುದರಿಂದ ಯಾವ ದಿನ ಬೀಚು, ಯಾವ ದಿನ ರಸ್ತೆ ಎಂದು ಹಿಂದಿನ ರಾತ್ರಿಯೇ ಮೆಸೇಜ್ ಬರುತ್ತದೆ. ಸಡಿಲ ಮರಳಿನಲ್ಲಿ ಮಾತ್ರ ಓಡಿಸುವುದಿಲ್ಲ, ಮೀನಖಂಡ ಹಿಡಿದುಕೊಳ್ಳುತ್ತದೆ.

ಇನ್ನು ಬೇಸರದ ವಿಷಯ. ಆಹಾರದ ಪಟ್ಟಿ ಅಂತ ಕೊಟ್ಟದ್ದರಲ್ಲಿ ಬರೀ ಬಂಗಡೆ, ತಾರ್ಲೆ, ಮೊಟ್ಟೆ. ಇಲ್ಲಿನ ಹುಡುಗರಿಗೆ ಅದೇ ಸರಿ, ತಾಜಾ ಮೀನಿಗಿಂತ ಒಳ್ಳೆಯದು ಏನಿದೆ? ಆದರೆ ನಾನು ಮೀನು ಮೊಟ್ಟೆ ತಿನ್ನುವುದಿಲ್ಲ ಎಂದಾಗ "ಹಾಲು ಕುಡಿ" ಎಂದಷ್ಟೇ ಹೇಳಿ ಬಿಟ್ಟರು. ಘಟ್ಟದ ಮೇಲಿನ ಎಷ್ಟೋ ಹುಡುಗರು ನನ್ನಂತೆಯೇ ಬರುತ್ತಾರೆ, ಅವರಿಗೊಂದು ಪಟ್ಟಿ ಬೇಕೇ ಬೇಕು. ನಾನೇ ಲೆಕ್ಕ ಹಾಕಿಕೊಂಡೆ. ಕಿಲೋ ದೇಹತೂಕಕ್ಕೆ 1.6 ಗ್ರಾಂ ಪ್ರೋಟೀನ್ ಎಂದು ಹಿಡಿದರೆ ನನ್ನ 68 ಕಿಲೋಗೆ ಸುಮಾರು 110 ಗ್ರಾಂ. ಹಾಲು ಮೊಸರು ಸೇರಿ ಒಂದು ಲೀಟರಿಗೆ 32 ಗ್ರಾಂ. 50 ಗ್ರಾಂ ಸೋಯಾ ಚಂಕ್ಸ್‌ಗೆ 26. ಆಯಿ ಬಸ್ಸಿನಲ್ಲಿ ಕಳಿಸುವ ಹುರಳಿ ನೂರು ಗ್ರಾಂ ಬೇಯಿಸಿದರೆ 22. ನೆನೆಸಿದ ಕಡಲೆ ನೂರು ಗ್ರಾಮಿಗೆ ಇಪ್ಪತ್ತರ ಹತ್ತಿರ, ಕಡಲೆ ಒಣಗಿದ್ದಾಗ ತೂಗಿದ್ದು. ಉಳಿದದ್ದು ಅನ್ನದಲ್ಲೇ ಬರುತ್ತದೆ. ಅನ್ನ ಬಿಡಬೇಡಿ, ಹೊಟ್ಟೆ ಕಟ್ಟಿ ಓಡಿದ್ದಕ್ಕೇ ಹೋದ ಸಲ ನನ್ನ ಭುಜ ಕರಗಿದ್ದು.

ಇನ್ನೊಂದು ಕೊರತೆ: ಇಪ್ಪತ್ತು ಹುಡುಗರಿಗೆ ಇರುವುದು ಒಂದೇ ಗುಂಡು. ಸರದಿ ಬರುವಷ್ಟರಲ್ಲಿ ಮೈ ತಣ್ಣಗಾಗಿರುತ್ತದೆ. ಸಾಧ್ಯವಾದರೆ ನಾಲ್ಕು ಜನ ಸೇರಿ ಒಂದು ಕೊಳ್ಳಿ, ನಾವು ಹಾಗೇ ಮಾಡಿದೆವು.

ಸೇರಿದಾಗ ನನ್ನ ಓಟ 7 ನಿಮಿಷ 5 ಸೆಕೆಂಡ್. ಹೋದ ಭಾನುವಾರ 6 ನಿಮಿಷ 14. ತೂಕ 68 ಇದ್ದದ್ದು 67. ಸ್ಕ್ವಾಟ್ ಈಗಲೂ ಎಂಬತ್ತೇ. ಗುಂಡು 5.95ಕ್ಕೆ ಬಿತ್ತು; ಸರ್ ಟೇಪ್ ಹಿಡಿದು ಎರಡು ಸಲ ಅಳೆದರು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬೀಚಿನ ಓಟ ನಿಲ್ಲುತ್ತದೆ, ಸೇರುವುದಿದ್ದರೆ ಫೆಬ್ರವರಿಯೊಳಗೆ ಸೇರಿ.