ದುಡ್ಡು ಕೊಟ್ಟು ನಾಲ್ಕನೇ ಕೃಷ್ಣನಾದೆ: ನಾಟಕದಲ್ಲಿ ಪಾತ್ರ ತಗೊಳ್ಳುವವರು ಓದಿ

ಮೊದಲೇ ಹೇಳಿಬಿಡುತ್ತೇನೆ. 48,000 ರೂಪಾಯಿ ಹೋಯಿತು. ದುಡ್ಡಿಗಿಂತ ಮಾನ ಹೋದದ್ದು ಜಾಸ್ತಿ. "ಇದನ್ನೆಲ್ಲ ಬರೀಬೇಡ್ರಿ, ಜನ ನಗ್ತಾರೆ" ಅಂತ ಹೆಂಡತಿ ಹೇಳಿದಳು. ನಗಲಿ. ನನಗೆ ಮೋಸ ಮಾಡಿದ ನಾಟಕ ಸಂಘದ ಅಧ್ಯಕ್ಷನ ಕೈಗೆ ಇನ್ನೊಬ್ಬ ಸಿಗದಿದ್ದರೆ ಸಾಕು.

ಪೌರಾಣಿಕ ನಾಟಕದ ಹುಚ್ಚು ಇರುವವರಿಗೆ ಈ ವ್ಯವಹಾರ ಗೊತ್ತೇ ಇದೆ. ನಮ್ಮ ತುಮಕೂರು, ಮಂಡ್ಯದ ಕಡೆ ಕುರುಕ್ಷೇತ್ರ ಆಡುವುದು ಅಂದರೆ ಪಾತ್ರ ಮಾಡುವವರೇ ದುಡ್ಡು ಹಾಕಿ ಆಡುವುದು. ದುರ್ಯೋಧನ, ಕೃಷ್ಣನಿಗೆ ಜಾಸ್ತಿ. ಕರ್ಣ, ಭೀಮ, ಅರ್ಜುನ ಅದಕ್ಕಿಂತ ಕೆಳಗೆ. ವಿದುರ, ಸಂಜಯನಿಗೆ ಕಮ್ಮಿ. ಹಾರ್ಮೋನಿಯಂ ಮೇಷ್ಟ್ರು, ಸೀನ್ಸು (ಬಣ್ಣದ ಪರದೆಗಳು), ಮೈಕು, ಶಾಮಿಯಾನ, ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರು, ಎಲ್ಲರಿಗೂ ಅದರಲ್ಲೇ ಆಗಬೇಕು. ನಮ್ಮಪ್ಪ ಊರಲ್ಲಿ ಕರ್ಣ ಮಾಡಿದಾಗ ಹುರುಳಿ ಮಾರಿ ದುಡ್ಡು ಕಟ್ಟಿದ್ದರು. ನಾಟಕ ಆದ ಮೂರನೇ ದಿನ ದೇವಸ್ಥಾನದ ಜಗಲಿ ಮೇಲೆ ಪೈಸೆ ಪೈಸೆಗೂ ಲೆಕ್ಕ ಓದಿದ್ದರು. ಹಾಗಾಗಿ ಪಾತ್ರಕ್ಕೆ ದುಡ್ಡು ಕೊಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕೊಟ್ಟದ್ದು ಯಾರಿಗೆ ಅನ್ನುವುದೇ ತಪ್ಪು.

ನನಗೆ 47. ಬೆಂಗಳೂರಲ್ಲಿ ಚಿಕ್ಕ ಗ್ಯಾರೇಜ್ ಇದೆ. ಗಾಡಿ ಕೆಳಗೆ ಮಲಗಿಕೊಂಡೇ ಕೃಷ್ಣನ ರಾಯಭಾರದ ಹಾಡು ಗುನುಗುವವನು ನಾನು. ಸಾಯುವುದರೊಳಗೆ ಒಂದು ಸಲ ರವೀಂದ್ರ ಕಲಾಕ್ಷೇತ್ರದ ಸ್ಟೇಜಿನ ಮೇಲೆ ಅದನ್ನು ಹಾಡಬೇಕು ಅಂತ ಆಸೆ. ಈ ಆಸೆಯನ್ನು ನಾನೇ ಆ ಆಸಾಮಿಗೆ ಬಾಯಿಬಿಟ್ಟು ಹೇಳಿದ್ದು. ಗಾಡಿ ರಿಪೇರಿಗೆ ಬಂದಿದ್ದ. ನಾಟಕ ಸಂಘದ ಅಧ್ಯಕ್ಷ ಅಂದ. ಕಾರ್ಡು ಕೊಟ್ಟ.

ಮಾತು ಅಂದರೆ ಮಾತು. ಗುಬ್ಬಿ ಕಂಪನಿ 1884ರಲ್ಲಿ ಶುರುವಾದ ಕಥೆ ಹೇಳಿದ. ಆ ಕಂಪನಿ ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆ ತಂದು ನಿಲ್ಲಿಸಿದ್ದು ಹೇಳಿದ. "ರಾಜ್‌ಕುಮಾರ್ 1954ಕ್ಕೆ ಹೀರೋ ಆಗೋಕೆ ಮುಂಚೆ ಎಲ್ಲಿದ್ರು ಸಾರ್? ಗುಬ್ಬಿ ಕಂಪನೀಲಿ ಬಣ್ಣ ಹಚ್ತಿದ್ರು. ನಿಮ್ ಮುಖದಲ್ಲೂ ಆ ಕಳೆ ಇದೆ" ಅಂದ. ಕಂಪನಿ ವಿಷಯ ಹೇಳಿದ್ದೆಲ್ಲ ನಿಜವೇ. ನನ್ನ ಮುಖದ್ದು ಒಂದೇ ಸುಳ್ಳು. ನಾನು ನಂಬಿದ್ದು ಅದನ್ನೇ.

ಕಲಾಕ್ಷೇತ್ರದಲ್ಲಿ ನಾಟಕ. ಪೂರ್ತಿ ಕೃಷ್ಣ ನಿಮ್ಮದೇ. 48,000. ಕೃಷ್ಣನದು ದೊಡ್ಡ ಪಾತ್ರ, ಇಬ್ಬರಿಗೆ ಹಂಚುವುದು ಮಾಮೂಲು, ಅದು ನನಗೂ ಗೊತ್ತು. ಅದಕ್ಕೇ ಎರಡು ಸಲ ಕೇಳಿದೆ, "ಒಂದೇ ಕೃಷ್ಣ ತಾನೇ?" ಅಂತ. "ಒಂದೇ ಸಾರ್, ನಿಮ್ ಮೇಲಾಣೆ." ಅವನ ಮೇಲೆ ಆಣೆ ಇಡಲಿಲ್ಲ, ಗಮನಿಸಿ. ಎರಡೇ ಕಂತಲ್ಲಿ ಪೂರ್ತಿ ಕಟ್ಟಿಬಿಟ್ಟೆ. ರಸೀದಿ ಕೊಟ್ಟ. ಸಂಘದ ಸೀಲು, ನನ್ನ ಹೆಸರು, ಮೊತ್ತ, ಎಲ್ಲ ಇತ್ತು. ಅದರಲ್ಲಿ "ದೇಣಿಗೆ" ಅಂತ ಒಂದು ಪದವೂ ಇತ್ತು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಐದು ತಿಂಗಳು ತಾಲೀಮು. ಭಾನುವಾರ ಸಂಜೆ, ಒಂದು ಗೋಡೌನಿನ ಮೇಲಿನ ರೂಮಿನಲ್ಲಿ. ಮೇಷ್ಟ್ರು ಮಾತ್ರ ಅಪ್ಪಟ. ವಯಸ್ಸಾದವರು, ಬೆರಳು ನಡುಗುತ್ತಿತ್ತು, ಹಾರ್ಮೋನಿಯಂ ಮೇಲೆ ಇಟ್ಟ ತಕ್ಷಣ ನಡುಕ ನಿಲ್ಲುತ್ತಿತ್ತು. "ಕಂದಪದ್ಯ ಹಾಡುವಾಗ ಕೊನೇ ಅಕ್ಷರ ನುಂಗಬೇಡ ಕಣಪ್ಪ. ಒನ್ಸ್ ಮೋರ್ ಇರೋದೇ ಅಲ್ಲಿ" ಅನ್ನುತ್ತಿದ್ದರು. ಮೋಹನ ರಾಗದ ಒಂದು ಮಟ್ಟನ್ನು ನನ್ನ ಕೈಲಿ ಇಪ್ಪತ್ತು ಸಲ ಹೇಳಿಸಿದ್ದಾರೆ. ನಾನು ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಹಾಡಿ, ಕೆಳಗಿನ ಮನೆಯವರ ಕೈಲಿ ಬೈಸಿಕೊಂಡೆ. ಟೀ ಬಿಟ್ಟೆ. ಮೊಸರು ಬಿಟ್ಟೆ.

ಒಂದು ಭಾನುವಾರ ಬೇಗ ಹೋದೆ. ಒಳಗೆ ಇನ್ನೊಬ್ಬರು ನನ್ನದೇ ಹಾಡು ಹಾಡುತ್ತಿದ್ದರು. ಅದೇ ಮಟ್ಟು, ಅದೇ ಕಂದ. ಕೇಳಿದ್ದಕ್ಕೆ ಅಧ್ಯಕ್ಷ ಅಂದದ್ದು, "ಅವ್ರು ಮುಂದಿನ ತಿಂಗಳ ನಾಟಕಕ್ಕೆ ಸಾರ್." ನಂಬಿದೆ. ಆವತ್ತೇ ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಕೇಳಬೇಕಿತ್ತು. ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂತ ಈಗಲೂ ರಾತ್ರಿ ಎಚ್ಚರ ಆದಾಗ ಹೊಟ್ಟೆ ಉರಿಯುತ್ತೆ.

ನಾಟಕಕ್ಕೆ ಎಂಟು ದಿನ ಇದ್ದಾಗ ಫೋನ್. "ಕಲಾಕ್ಷೇತ್ರ ಕ್ಯಾನ್ಸಲ್ ಆಯ್ತು ಸಾರ್, ಸರ್ಕಾರದ್ದು ಯಾವ್ದೋ ಪ್ರೋಗ್ರಾಂ ಬಂತು. ಬೇರೆ ಕಡೆ ಇನ್ನೂ ದೊಡ್ಡ ಸ್ಟೇಜ್ ಹಾಕಿಸ್ತೀನಿ." ಆಮೇಲೆ ನಾನು ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಹೋಗಿ ವಿಚಾರಿಸಿದೆ. ಕಲಾಕ್ಷೇತ್ರ ಅವರ ಸುಪರ್ದಿಯಲ್ಲೇ ಇರೋದು. ಆ ಸಂಘದ ಹೆಸರಲ್ಲಿ ಅರ್ಜಿಯೇ ಬಂದಿರಲಿಲ್ಲ. ಕ್ಯಾನ್ಸಲ್ ಆಗೋಕೆ ಬುಕ್ ಆಗಿರಬೇಕಲ್ವಾ!

ನಾಟಕ ನಡೆದದ್ದು ಊರಾಚೆ ಹೊಸ ಲೇಔಟಿನ ಖಾಲಿ ಸೈಟಿನಲ್ಲಿ. ನಾನು ಊರಿಂದ ಎರಡು ಟೆಂಪೋ ಜನ ಕರೆಸಿದ್ದೆ. ರಾತ್ರಿ ಎಂಟಕ್ಕೆ ಬಣ್ಣ ಹಚ್ಚಿಸಿಕೊಳ್ಳೋಕೆ ಸ್ಟೇಜ್ ಹಿಂದೆ ಹೋದೆ. ಮೇಕಪ್‌ನವರು ನೀಲಿ ಕಲಸುತ್ತಾ, ತಲೆ ಎತ್ತದೆ ಕೇಳಿದರು:

"ನೀವು ಎಷ್ಟನೇ ಕೃಷ್ಣ ಸಾರ್?"

ನನಗೆ ಅರ್ಥ ಆಗಲಿಲ್ಲ. ನಕ್ಕೆ. "ಇರೋದೇ ಒಬ್ಬ ಅಲ್ವಾ" ಅಂದೆ. ಅವರು ಬ್ರಷ್ ಹಿಡಿದ ಕೈಯಲ್ಲೇ ಪಕ್ಕಕ್ಕೆ ತೋರಿಸಿದರು. ತಗಡಿನ ಟ್ರಂಕಿನ ಮೇಲೆ ಒಬ್ಬರು ಮುಖಕ್ಕೆಲ್ಲ ನೀಲಿ ಬಳಿಸಿಕೊಂಡು, ಒಣಗಲಿ ಅಂತ ಕಣ್ಣು ಮುಚ್ಚಿ ಕೂತಿದ್ದಾರೆ. ಅವರ ಪಕ್ಕ ಇನ್ನೊಬ್ಬರಿಗೆ ಅರ್ಧ ಮುಖ ನೀಲಿ. ಮೂರನೆಯವರು ಬನಿಯನ್ನಲ್ಲಿ ನಿಂತು ಫೋನಲ್ಲಿ, "ಹ್ಞೂಂ ಕಣೋ, ಕೃಷ್ಣ ನಂದೇ, ಪೂರ್ತಿ ನಂದೇ" ಅನ್ನುತ್ತಿದ್ದಾರೆ.

ಆ ನಿಮಿಷ ಹೇಗಿತ್ತು ಅಂತ ಹೇಳೋಕೆ ನನಗೆ ಬರಲ್ಲ. ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಫೋನ್ ತೆಗೆದು ಅವರಿಗೆ ಬಂದಿದ್ದ ಕರಪತ್ರ ತೋರಿಸಿದರು. ನಾನೂ ತೋರಿಸಿದೆ. ಅದೇ ಕರಪತ್ರ, ಅದೇ ಬಣ್ಣ, ಅದೇ ದೇವರ ಫೋಟೋ. ಕೃಷ್ಣನ ಜಾಗದಲ್ಲಿ ಅವರದಕ್ಕೆ ಅವರ ಫೋಟೋ, ನನ್ನದಕ್ಕೆ ನನ್ನದು. ನಾಲ್ಕು ಜನಕ್ಕೆ ನಾಲ್ಕು ಕರಪತ್ರ ಮಾಡಿಸಿ ಬೇರೆ ಬೇರೆ ವಾಟ್ಸಾಪ್ ಮಾಡಿದ್ದಾನೆ. ನಾನು ಅದನ್ನು ನೆಂಟರಿಗೆಲ್ಲ ಕಳಿಸಿದ್ದೆ. ಸ್ಟೇಟಸ್ ಹಾಕಿದ್ದೆ. ಅವರೂ ಹಾಕಿದ್ದರು.

ಅಧ್ಯಕ್ಷನನ್ನು ಹಿಡಿದುಕೊಂಡೆವು. ಅವನಿಗೆ ಗಾಬರಿಯೇ ಇಲ್ಲ. ನಗ್ತಾ ಹೇಳಿದ, "ಕೃಷ್ಣ ಒಬ್ಬನೇ ಏನ್ ಸಾರ್? ಹದಿನಾರು ಸಾವಿರ ಮನೇಲಿ ಹದಿನಾರು ಸಾವಿರ ರೂಪದಲ್ಲಿ ಇದ್ದೋನು. ನಾನು ನಾಲ್ಕೇ ಮಾಡಿರೋದು."

ಹೊಡೆಯಬೇಕು ಅನ್ನಿಸಿತು. ಹೊರಗೆ ನನ್ನ ಎರಡು ಟೆಂಪೋ ಜನ ಕೂತಿದ್ದರು. ಅವರ ಎದುರು ಜಗಳ ಮಾಡೋಕೆ ಮುಖ ಇರಲಿಲ್ಲ. ಮುಖಕ್ಕೆ ಆಗಲೇ ನೀಲಿ ಬೇರೆ ಬಳಿದಾಗಿತ್ತು. ಸುಮ್ಮನಾದೆ. ಅವನಿಗೆ ಬೇಕಾದದ್ದು ಅದೇ.

ಸೀನ್ ಹಂಚಿದ್ದು ಹೇಗೆ ಗೊತ್ತಾ? ಇದು ನನಗೆ ಬೆಳಗಿನ ಜಾವ ಹೊಳೆಯಿತು. ಒಂದನೆಯವರು 20,000 ಬಾಕಿ ಇಟ್ಟಿದ್ದರು. ಅವರಿಗೆ ದ್ವಾರಕೆಯಲ್ಲಿ ಮಲಗಿರುವ ಸೀನ್, ಜನ ಎಲ್ಲ ಎಚ್ಚರ ಇರುವ ಹೊತ್ತು. ಎರಡನೆಯವರು 15,000 ಬಾಕಿ. ಅವರಿಗೆ ರಾಯಭಾರ. ನನ್ನ ರಾಯಭಾರ! ಪರದೆ ಪಕ್ಕ ನಿಲ್ಲಿಸಿ, "ಬಾಕಿ ಹಾಕಿ ಸಾರ್, ಎಂಟ್ರಿ ಬಂತು" ಅಂತ ಅಲ್ಲೇ ಫೋನ್‌ಪೇ ಮಾಡಿಸಿಕೊಂಡ. ಮೂರನೆಯವರಿಗೆ ಕರ್ಣನ ಹತ್ತಿರ ಹೋಗುವ ಸೀನ್, ಗೀತೋಪದೇಶ. ಪೂರ್ತಿ ಕಟ್ಟಿದ್ದವನು ನಾನೊಬ್ಬನೇ. ನನ್ನಿಂದ ಇನ್ನು ಹುಟ್ಟುವುದು ಏನೂ ಇಲ್ಲವಲ್ಲ. ನನಗೆ ಗದಾಯುದ್ಧ.

ಗದಾಯುದ್ಧದಲ್ಲಿ ಕೃಷ್ಣನಿಗೆ ಏನು ಕೆಲಸ? ತೊಡೆ ತಟ್ಟಿ ಭೀಮನಿಗೆ ಸನ್ನೆ ಮಾಡುವುದು. ಹಾಡಿಲ್ಲ.

ಇದಕ್ಕೂ ಮುಂಚೆ ಇನ್ನೊಂದು ನಡೆಯಿತು. ನಮ್ಮ ಸೋದರಮಾವ ಊರಿಂದ ಹತ್ತು ರೂಪಾಯಿಯ ನೂರು ನೋಟು ಪೋಣಿಸಿದ ಹಾರ ತಂದಿದ್ದರು. ರಾಯಭಾರದ ಹಾಡು ಮುಗೀತು. ಜನ ಒನ್ಸ್ ಮೋರ್ ಅಂದರು. ಮಾವ ಸ್ಟೇಜ್ ಹತ್ತಿ, ಮೈಕಿನಲ್ಲಿ "ನನ್ನ ಅಳಿಯನಿಗೆ" ಅಂತ ಹೇಳಿಸಿ, ಹಾರವನ್ನು ಎರಡನೇ ಕೃಷ್ಣನ ಕೊರಳಿಗೆ ಹಾಕಿ ಇಳಿದರು. ನೀಲಿ ಮುಖ, ಕಿರೀಟ, ನವಿಲುಗರಿ, ಎಪ್ಪತ್ತರ ಕಣ್ಣಿಗೆ ಏನು ವ್ಯತ್ಯಾಸ ಕಾಣುತ್ತೆ? ನಾನು ಪರದೆ ಹಿಂದೆ ನಿಂತು ನೋಡಿದೆ. ಅವರು ಹನ್ನೆರಡೂವರೆಗೆ ಟೆಂಪೋ ಹತ್ತುವಾಗ ನನ್ನ ಹೆಂಡತಿಗೆ ಹೇಳಿದರಂತೆ, "ಪರವಾಗಿಲ್ಲಮ್ಮ, ಅವರಪ್ಪನಿಗಿಂತ ಚೆನ್ನಾಗಿ ಹಾಡ್ದ." ಅವರಿಗೆ ಇವತ್ತಿಗೂ ನಾವು ನಿಜ ಹೇಳಿಲ್ಲ.

ನನ್ನ ಸರದಿ ಬಂದಾಗ ನಾಲ್ಕು ನಲವತ್ತು. ಇದ್ದದ್ದು ಎರಡೇ ಕಿರೀಟ. ಮೂರನೆಯವರು ತೆಗೆದು ಕೊಟ್ಟದ್ದನ್ನು ಹಾಕಿಕೊಂಡೆ, ಒಳಗೆಲ್ಲ ಅವರ ಬೆವರು, ಇನ್ನೂ ಬೆಚ್ಚಗಿತ್ತು. ಎದುರಿಗೆ ಇಪ್ಪತ್ತು ಜನ ಇರಬಹುದು, ಅರ್ಧ ಜನ ಮಲಗಿದ್ದರು. ತೊಡೆ ತಟ್ಟಿದೆ. ಭೀಮ ನೋಡಲಿಲ್ಲ. ಇನ್ನೊಂದು ಸಲ ತಟ್ಟಿದೆ. ಮುಗೀತು. ಎರಡು ಏಟಿಗೆ 48,000.

ಮೋಸ ಹೋದವನು ನಾನೊಬ್ಬನೇ ಅಂತಲೂ ಅಲ್ಲ. ದ್ರೌಪದಿ, ಕುಂತಿ ಎರಡೂ ಮಾಡಿದ ಅಮ್ಮ ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸದಲ್ಲಿರುವವರು. 6,000ಕ್ಕೆ ಮಾತಾಗಿತ್ತಂತೆ, ಕೈಗೆ ಬಂದದ್ದು 2,000. ದ್ರೌಪದಿ ಮುಗಿಸಿ, "ಬಾಕಿ ಕೊಡೋವರೆಗೂ ಕುಂತಿ ಬರಲ್ಲ" ಅಂತ ಟ್ರಂಕಿನ ಮೇಲೆ ಕೂತುಬಿಟ್ಟರು. ಅತ್ತ ಸ್ಟೇಜ್ ಮೇಲೆ ಕರ್ಣ ಹಾಡು ಮುಗಿಸಿ "ಯಾರು ಬರುತ್ತಿರುವುದು" ಅಂತ ಮೂರು ಸಲ ಕೇಳಿದ. ಯಾರೂ ಬರುತ್ತಿರಲಿಲ್ಲ. ಕೊನೆಗೆ ಅವನೇ ಒಳಗೆ ಬಂದು ಸ್ವಂತ ದುಡ್ಡು 2,000 ಕೊಟ್ಟು ಅಮ್ಮನನ್ನು ಕರೆದುಕೊಂಡು ಹೋದ. ಇನ್ನೂ 2,000 ಬರಲೇ ಇಲ್ಲ.

ಬೆಳಗಾದ ಮೇಲೆ ಬಣ್ಣ ಒರೆಸಿಕೊಳ್ಳುತ್ತಾ ಅವರು ಹೇಳಿದ್ದು ಇದು: "ನೀವು ಒಂದು ರಾತ್ರಿ ಮೋಸ ಹೋದ್ರಿ ಅಣ್ಣ. ನಮಗೆ ಸೀಸನ್‌ಗೆ ಮೂರು ಸಲ. ಮಳೆಗಾಲಕ್ಕೆ ಮುಂಚೆ ದುಡಿದಿದ್ದರಲ್ಲೇ ವರ್ಷ ಕಳೀಬೇಕು. ಗಂಟಲು ಕಟ್ಟಿದ್ರೂ ಬಸ್ಸಲ್ಲೇ ಮಲಗಿ ಮುಂದಿನ ಊರಿಗೆ ಹೋಗಬೇಕು. ಸರ್ಕಾರದ ಮಾಸಾಶನ ಕೇಳೋಣ ಅಂದ್ರೆ 58 ಆಗಬೇಕು, ನನಗಿನ್ನೂ 44." ಆಮೇಲೆ ನಮ್ಮ ನಾಲ್ಕೂ ಜನರ ಕಡೆ ನೋಡಿ ನಕ್ಕರು. "ಮೈಸೂರಿನ ನಾಗರತ್ನಮ್ಮನೋರು 1958ರಲ್ಲೇ ಹೆಂಗಸರದ್ದೇ ನಾಟಕ ಮಂಡಳಿ ಕಟ್ಟಿ ಗಂಡು ಪಾತ್ರ ಎಲ್ಲ ಮಾಡಿ ಬಿಸಾಕಿದ್ರು. ನನಗೇ ಕೊಟ್ಟಿದ್ರೆ ನಿಮ್ ನಾಲ್ಕು ಕೃಷ್ಣನ್ನೂ ನಾನೊಬ್ಳೇ ಮಾಡ್ತಿದ್ದೆ, ದುಡ್ಡೂ ಕಮ್ಮಿ." ನಿಜ ಹೇಳಬೇಕು ಅಂದರೆ ಆ ರಾತ್ರಿ ಹಾಡು ಅಂತ ಕೇಳಿಸಿದ್ದು ಅವರದೇ.

ಈಗ ಅಧ್ಯಕ್ಷನ ಉತ್ತರಗಳು. ವಾಟ್ಸಾಪಲ್ಲಿ ಬಂದದ್ದನ್ನು ಹಾಗೇ ಹಾಕುತ್ತೇನೆ.

ದುಡ್ಡು ವಾಪಸ್ ಕೊಡಿ ಅಂದೆ. "ಕಲೆಗೆ ಬೆಲೆ ಕಟ್ಟಬೇಡಿ ಸಾರ್." (ಬೆಲೆ ಕಟ್ಟಿದ್ದು ಯಾರು? 48,000 ಅಂದದ್ದು ನಾನಾ?)

ಪೂರ್ತಿ ಕೃಷ್ಣ ಅಂದಿದ್ದಿರಿ ಅಂದೆ. "ಅರ್ಧ ಮುಖಕ್ಕೆ ಬಣ್ಣ ಹಚ್ಚಿದ್ರಾ ಸಾರ್? ಪೂರ್ತಿ ಕೃಷ್ಣನೇ ಮಾಡಿದ್ರಲ್ಲ."

ಒಂದು ವಾರ ಬಿಟ್ಟು ಮತ್ತೆ ಕೇಳಿದೆ. "ವಿಡಿಯೋದವರಿಗೆ 1,500 ಕೊಡಿ, ನಿಮ್ ಸೀನ್ ಪೆನ್‌ಡ್ರೈವಲ್ಲಿ ಹಾಕಿಸಿಕೊಡ್ತೀನಿ." ತೊಡೆ ತಟ್ಟಿದ ವಿಡಿಯೋಗೆ!

ಕೊನೆಯದಕ್ಕೆ ಬರೀ ಕೈಮುಗಿಯುವ ಚಿತ್ರ. ಆಮೇಲೆ ಬ್ಲಾಕ್.

ಪೊಲೀಸ್ ಸ್ಟೇಷನ್ನಿಗೂ ಹೋದೆ. ರಸೀದಿ ನೋಡಿ ಕೇಳಿದರು, "ಇದರಲ್ಲಿ ದೇಣಿಗೆ ಅಂತ ಇದೆಯಲ್ರೀ. ದೇಣಿಗೆ ಕೊಟ್ಟು ಯಾರಾದ್ರೂ ವಾಪಸ್ ಕೇಳ್ತಾರಾ?" ಪಾತ್ರದ ಹೆಸರು, ತಾರೀಕು, ಜಾಗ, ಏನೂ ಅದರಲ್ಲಿಲ್ಲ. ಅರ್ಜಿ ತಗೊಂಡಿದ್ದಾರೆ. ಬರೆದುಕೊಳ್ಳುವಾಗ ಅವರೂ ಕೇಳಿದರು, ಎಷ್ಟನೇ ಕೃಷ್ಣ ಅಂತ.

ನನ್ನಿಂದ ಬುದ್ಧಿ ಕಲಿಯುವುದಿದ್ದರೆ ಇಷ್ಟು. ಪೂರ್ತಿ ದುಡ್ಡು ಮೊದಲೇ ಕೊಡಬೇಡಿ, ದೊಡ್ಡ ಬಾಕಿ ಇಟ್ಟವನೇ ದ್ವಾರಕೆಯಲ್ಲಿ ಮಲಗಿದ್ದು. ಯಾವ ಪಾತ್ರ, ಯಾವ ಸೀನ್, ಎಷ್ಟು ಹಾಡು, ಎಲ್ಲ ರಸೀದಿಯಲ್ಲೇ ಬರೆಸಿಕೊಳ್ಳಿ. ಕಲಾಕ್ಷೇತ್ರ ಅಂದರೆ ಇಲಾಖೆಗೆ ಹೋಗಿ ತಾರೀಕು ಕೇಳಿ ಬನ್ನಿ, ಅರ್ಧ ದಿನದ ಕೆಲಸ. ಮೇಷ್ಟ್ರನ್ನು ಬೇರೆಯಾಗಿ ಸಿಕ್ಕಿ ಮಾತಾಡಿಸಿ. ಪಾಪ ಅವರಿಗೂ ಎರಡು ತಿಂಗಳದು ಬಾಕಿ, ಕೇಳಿದ್ದರೆ ಹೇಳುತ್ತಿದ್ದರು. ಮುಖ ಹೊಗಳಿದರೆ ಎದ್ದು ಬನ್ನಿ.

ನಾವು ಮೂರು ಕೃಷ್ಣರು ಈಗ ಒಂದು ಗ್ರೂಪ್ ಮಾಡಿಕೊಂಡಿದ್ದೇವೆ. ಎರಡನೆಯವರು ಸೇರಲಿಲ್ಲ. ಅವರಿಗೆ ಒನ್ಸ್ ಮೋರ್ ಸಿಕ್ಕಿದೆ, ದೂರು ಏನಿದೆ? ಹಾರ ಮಾತ್ರ ವಾಪಸ್ ಕಳಿಸಿದರು, ಎಣಿಸಿದರೆ ತೊಂಬತ್ತೆರಡು ನೋಟು.

ಮೊನ್ನೆ ಗ್ಯಾರೇಜಿಗೆ ಬಂದ ಆಟೋದವರೊಬ್ಬರು ಹೇಳಿದರು, ಆ ಆಸಾಮಿ ಈಗ ರಾಮಾಯಣಕ್ಕೆ ಜನ ಸೇರಿಸುತ್ತಿದ್ದಾನಂತೆ. ಇವರಿಗೆ ರಾವಣ ಕೊಡುತ್ತೀನಿ ಅಂದಿದ್ದಾನೆ, 5,000 ಮುಂಗಡ ಆಗಲೇ ತಗೊಂಡಿದ್ದಾನೆ. "ಪೂರ್ತಿ ರಾವಣ ನಂದೇ ಅಂತೆ ಸಾರ್" ಅಂದರು. ರಾವಣನಿಗೆ ಎಷ್ಟು ತಲೆ ಅಂತ ಕೇಳಿದೆ.