‘ನೆಬ್ಯುಲಾ ಕಿಟ್’ ಜಾಹೀರಾತು ಕಂಡರೆ ದುಡ್ಡು ಕಳಿಸೋ ಮುಂಚೆ ಇದನ್ನು ಓದಿ

ಟೆಲಿಸ್ಕೋಪ್, ಮೋಟರ್, ಕ್ಯಾಮೆರಾ, ಫಿಲ್ಟರ್ ಎಲ್ಲವನ್ನೂ ಒಂದೇ ಡಬ್ಬಕ್ಕೆ ತುಂಬಿ ‘ಮನೆ ಹಿತ್ತಿಲಿಂದಲೇ ನೆಬ್ಯುಲಾ ಫೋಟೋ ತೆಗೆಯಿರಿ’ ಅಂತ ಯಾರಾದರೂ ಮಾರುತ್ತಿದ್ದರೆ ದಯವಿಟ್ಟು ಕೈ ಹಾಕಬೇಡಿ. (ನೆಬ್ಯುಲಾ ಅಂದರೆ ನೀಹಾರಿಕೆ, ನಕ್ಷತ್ರಗಳ ನಡುವಿನ ಅನಿಲ, ಧೂಳಿನ ಮೋಡ.) ನನ್ನ 58,000 ರೂಪಾಯಿ ಹೀಗೇ ಹೋಯಿತು. ಮಾರಿದವರ ಹೆಸರು ಬರೆಯುವುದಿಲ್ಲ, ದೂರು ಇನ್ನೂ ನಡೆಯುತ್ತಿದೆ. ಅಲ್ಲದೆ ಇದೇ ಸಾಮಾನು ಬೇರೆ ಬೇರೆ ಲೇಬಲ್ ಅಂಟಿಸಿಕೊಂಡು ಬೇಕಾದಷ್ಟು ಕಡೆ ಸಿಗುತ್ತದೆ. ಒಬ್ಬ ಅಂಗಡಿಯವನನ್ನು ತಪ್ಪಿಸಿದರೆ ಸಾಲದು, ಸಾಮಾನನ್ನೇ ಗುರುತು ಹಿಡಿಯೋದಕ್ಕೆ ಬರಬೇಕು.

ನನಗೆ ಬೇಕಿದ್ದದ್ದು ದೊಡ್ಡದೇನಲ್ಲ. ಜನವರಿಯಲ್ಲಿ ರಾತ್ರಿ ಊಟ ಮುಗಿಸಿ ಹಿತ್ತಿಲಿಗೆ ಬಂದರೆ ನಮ್ಮ ತುಮಕೂರಿನ ಆಕಾಶದಲ್ಲಿ ಮಹಾವ್ಯಾಧ, ಅಂದರೆ ಓರಿಯನ್, ಚೆನ್ನಾಗಿ ಮೇಲೆ ಬಂದಿರುತ್ತಾನೆ. ಸೊಂಟದ ಮೂರು ನಕ್ಷತ್ರಗಳ ಕೆಳಗೆ ನೇತಾಡುವ ಕತ್ತಿಯಲ್ಲಿ ಮಬ್ಬಾಗಿ ಕಾಣುವುದೇ ಎಂ42, ಓರಿಯನ್ ನೀಹಾರಿಕೆ, ಸುಮಾರು 1,300 ಜ್ಯೋತಿರ್ವರ್ಷ ದೂರದ್ದು. ಅದರದ್ದೊಂದು ಫೋಟೋ, ಕೈ ಕುದುರಿದ ಮೇಲೆ ರೋಸೆಟ್, ಕುದುರೆತಲೆ ನೀಹಾರಿಕೆ, ಇಷ್ಟೇ ಆಸೆ. ಫೋನಿನಲ್ಲಿ ಅವರಿಗೆ ಬಿಡಿಸಿ ಹೇಳಿದ್ದೆ: ಚಂದ್ರನನ್ನೋ ಶನಿಯನ್ನೋ ಕಣ್ಣಲ್ಲಿ ನೋಡೋಕಲ್ಲ, ನೆಬ್ಯುಲಾ ಫೋಟೋಗೆ ಬೇಕು. ‘ಸರ್, ಇದು ಅದಕ್ಕೇ ಮಾಡಿರೋದು, ಕ್ಯಾಮೆರಾ ಸಿಕ್ಕಿಸಿ ಬಟನ್ ಒತ್ತಿದ್ರೆ ಮುಗೀತು’ ಅಂದರು. ವಾಟ್ಸಾಪಿನಲ್ಲಿ ಎಂ42ರ ಒಂದು ಸೊಗಸಾದ ಗುಲಾಬಿ ಫೋಟೋ ಕಳಿಸಿ ‘ನಮ್ಮ ಕಸ್ಟಮರ್ ಇದೇ ಕಿಟ್‌ನಲ್ಲಿ ತೆಗೆದದ್ದು’ ಅಂತಲೂ ಬರೆದರು. ಆ ಮೆಸೇಜ್ ಇನ್ನೂ ನನ್ನ ಹತ್ತಿರ ಇದೆ.

ಆ ಫೋಟೋ ಬಗ್ಗೆಯೇ ಮೊದಲು ಹೇಳುತ್ತೇನೆ, ಯಾಕೆಂದರೆ ಇದು ಯಾರು ಬೇಕಾದರೂ ಮನೆಯಲ್ಲೇ ಕೂತು ಮಾಡಬಹುದಾದ ಪರೀಕ್ಷೆ. ಕನ್ನಡಿ ಟೆಲಿಸ್ಕೋಪಿನಲ್ಲಿ ಮುಂದಿನ ಚಿಕ್ಕ ಕನ್ನಡಿಯನ್ನು ಹಿಡಿದುಕೊಳ್ಳೋಕೆ ತೆಳ್ಳನೆಯ ಪಟ್ಟಿಗಳಿರುತ್ತವೆ. ಫೋಟೋದಲ್ಲಿ ದೊಡ್ಡ ನಕ್ಷತ್ರಗಳ ಸುತ್ತ ಕಾಣುವ ಮುಳ್ಳಿನಂಥ ಗೆರೆಗಳು ಹುಟ್ಟುವುದು ಈ ಪಟ್ಟಿಗಳಿಂದಲೇ. ಪಟ್ಟಿ ನಾಲ್ಕಿದ್ದರೆ ಮುಳ್ಳು ನಾಲ್ಕು, ಪಟ್ಟಿ ಮೂರಿದ್ದರೆ ಮುಳ್ಳು ಆರು. ಲೆನ್ಸ್ ಟೆಲಿಸ್ಕೋಪಿನಲ್ಲಿ ಪಟ್ಟಿಯೇ ಇಲ್ಲ, ಮುಳ್ಳೂ ಬರುವುದಿಲ್ಲ. ನನಗೆ ಬಂದ ಟ್ಯೂಬಿನಲ್ಲಿ ಇದ್ದದ್ದು ಮೂರು ಪಟ್ಟಿ. ಅವರು ಕಳಿಸಿದ ಫೋಟೋದಲ್ಲಿ ಪ್ರತಿ ನಕ್ಷತ್ರಕ್ಕೂ ನಾಲ್ಕೇ ಮುಳ್ಳು, ಅಚ್ಚುಕಟ್ಟಾದ ಕೂಡಿಸುವ ಚಿಹ್ನೆ ತರ. ಆ ಫೋಟೋ ಯಾರದ್ದೋ ನನಗೆ ಗೊತ್ತಿಲ್ಲ, ಈ ಟ್ಯೂಬಿನದ್ದಂತೂ ಅಲ್ಲ. ನೀವು ಕೊಳ್ಳುವ ಮುಂಚೆ ಟ್ಯೂಬಿನ ಬಾಯಿಯ ಫೋಟೋ ಒಂದನ್ನು ಕೇಳಿ ತರಿಸಿಕೊಂಡು ಮುಳ್ಳು ಎಣಿಸಿ ನೋಡಿ, ಅರ್ಧ ಸುಳ್ಳು ಅಲ್ಲೇ ಹೊರಗೆ ಬರುತ್ತದೆ.

ಇನ್ನು ಟ್ಯೂಬು. ಡಬ್ಬದ ಮೇಲೆ 114 ಮಿ.ಮೀ. ಕನ್ನಡಿ, 1,000 ಮಿ.ಮೀ. ಫೋಕಲ್ ಲೆಂತ್ (ಕನ್ನಡಿಯಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ) ಅಂತಿದೆ. ಆದರೆ ಟ್ಯೂಬು ನೋಡಿದರೆ ಅರ್ಧ ಮೀಟರಿನಷ್ಟು ಕೂಡ ಇಲ್ಲ. ಸಾಮಾನ್ಯ ನ್ಯೂಟೋನಿಯನ್, ಅಂದರೆ ಎರಡು ಕನ್ನಡಿಯ ಟೆಲಿಸ್ಕೋಪಿನಲ್ಲಿ ಟ್ಯೂಬಿನ ಉದ್ದ ಹೆಚ್ಚುಕಡಿಮೆ ಫೋಕಲ್ ಲೆಂತಿನಷ್ಟೇ ಇರಬೇಕು. ಉದ್ದ ಅರ್ಧಕ್ಕರ್ಧ ಕಡಿಮೆ ಇದ್ದರೆ ಅದು ‘ಬರ್ಡ್-ಜೋನ್ಸ್’ ಅನ್ನುವ ಜಾತಿ. ಒಳಗೆ ಅಗ್ಗದ ಗೋಳಾಕಾರದ ಕನ್ನಡಿ ಇಟ್ಟು, ಅದರ ದೋಷ ಮುಚ್ಚೋಕೆ ಮತ್ತು ಫೋಕಲ್ ಲೆಂತ್ ಎಳೆಯೋಕೆ ಫೋಕಸರ್ (ಬಿಂಬ ಸ್ಪಷ್ಟವಾಗೋಕೆ ಒಳಗೆ ಹೊರಗೆ ಸರಿಸುವ ಕೊಳವೆ) ಬುಡದಲ್ಲಿ ಒಂದು ಸಣ್ಣ ಲೆನ್ಸ್ ಕೂರಿಸಿರುತ್ತಾರೆ. ಚೆನ್ನಾಗಿ ಮಾಡಿದರೆ ಕೆಲಸ ಮಾಡುವ ವಿನ್ಯಾಸವೇ ಅದು. ಈ ಬೆಲೆಯಲ್ಲಿ ಯಾರೂ ಚೆನ್ನಾಗಿ ಮಾಡುವುದಿಲ್ಲ, ಅಷ್ಟೇ. ಕನ್ನಡಿ ಹೊಂದಿಸೋಕೆ ಹೋದರೆ ಆ ಲೆನ್ಸ್ ಅಡ್ಡ ಬರುತ್ತದೆ, ಹೊಂದಾಣಿಕೆ ನೋಡುವ ಲೇಸರ್ ಇಟ್ಟರೂ ಸರಿಯಾದ ಉತ್ತರ ಸಿಗುವುದಿಲ್ಲ. ಜಾಹೀರಾತಿನಲ್ಲಿ ‘525 ಪಟ್ಟು ದೊಡ್ಡದಾಗಿ ಕಾಣುತ್ತದೆ’ ಅಂತ ಬೇರೆ. 114 ಮಿ.ಮೀ. ಕನ್ನಡಿಯಲ್ಲಿ ಪ್ರಯೋಜನಕ್ಕೆ ಬರುವುದು ಹೆಚ್ಚೆಂದರೆ 228 ಪಟ್ಟು, ಅದೂ ಚಂದ್ರ, ಗ್ರಹಗಳಿಗೆ. ನೀಹಾರಿಕೆಗಳು ಚಿಕ್ಕವಲ್ಲ ಸ್ವಾಮಿ, ಮಂಕಾದವು. ಎಂ42 ಎರಡು ಹುಣ್ಣಿಮೆ ಚಂದ್ರನಷ್ಟು ಅಗಲ ಇದೆ. ಅದಕ್ಕೆ ಬೇಕಾಗಿರುವುದು ಬೆಳಕು, ಹಿಗ್ಗಿಸುವಿಕೆ ಅಲ್ಲ.

ಆದರೂ ಇದೆಲ್ಲ ಆಮೇಲಿನ ಮಾತು. ಮೊದಲನೆಯ ದಿನವೇ ಕ್ಯಾಮೆರಾ ಸಿಕ್ಕಿಸಿದರೆ ಫೋಕಸ್ಸೇ ಆಗಲಿಲ್ಲ! ಚಂದ್ರನೂ ಒಂದು ಬಿಳಿ ಉಂಡೆ. ಫೋಕಸರ್ ಅನ್ನು ಪೂರ್ತಿ ಒಳಗೆ ತಿರುಗಿಸಿ ನಿಂತರೂ ಇನ್ನೂ ಸ್ವಲ್ಪ ಒಳಗೆ ಹೋಗಬೇಕು ಅನ್ನುತ್ತಿದೆ, ಹೋಗೋಕೆ ಜಾಗ ಇಲ್ಲ. ಕಾರಣ ಇಷ್ಟೇ. ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಕೂರುವ ಬಳೆಯಿಂದ ಸೆನ್ಸರ್ 44 ಮಿ.ಮೀ. ಹಿಂದೆ ಇರುತ್ತದೆ, ಜೊತೆಗೆ ಕ್ಯಾಮೆರಾವನ್ನು ಟೆಲಿಸ್ಕೋಪಿಗೆ ಜೋಡಿಸುವ ಟಿ-ರಿಂಗ್ ದಪ್ಪ ಸೇರಿ ಒಟ್ಟು 55. ಕಣ್ಣಿಟ್ಟು ನೋಡೋಕೆ ಅಂತಲೇ ಮಾಡಿದ ಟ್ಯೂಬಿನಲ್ಲಿ ಬಿಂಬ ಅಷ್ಟು ಹೊರಗೆ ಬರುವುದಿಲ್ಲ. ಅಂದರೆ ಈ ಕ್ಯಾಮೆರಾವನ್ನು ಈ ಟೆಲಿಸ್ಕೋಪಿಗೆ ಮಾರಿದವರೇ ಒಂದು ಸಲವೂ ಸಿಕ್ಕಿಸಿ ನೋಡಿಲ್ಲ. ಫೋನ್ ಮಾಡಿದರೆ ಏನಂದರು ಗೊತ್ತಾ? ‘ಬಾರ್ಲೋ ಲೆನ್ಸ್ ಹಾಕಿ ಸರ್, ಫೋಕಸ್ ಬರುತ್ತೆ.’ ಬಾರ್ಲೋ ಅಂದರೆ ಫೋಕಲ್ ಲೆಂತ್ ಹೆಚ್ಚಿಸಿ ಬಿಂಬ ಹಿಗ್ಗಿಸುವ ಲೆನ್ಸ್. ಫೋಕಸ್ ಬರುತ್ತದೆ, ನಿಜ. ಆದರೆ ಎರಡು ಪಟ್ಟು ಹಿಗ್ಗಿಸುವ ಬಾರ್ಲೋ ಹಾಕಿದರೆ ಫೋಕಲ್ ಲೆಂತ್ 2,000 ಆಗುತ್ತದೆ, ಎಫ್ ಸಂಖ್ಯೆ (ಫೋಕಲ್ ಲೆಂತನ್ನು ಕನ್ನಡಿಯ ಅಗಲದಿಂದ ಭಾಗಿಸಿದ್ದು) ಮೊದಲೇ ಎಫ್/8.8 ಇದ್ದದ್ದು ಎಫ್/17.5 ಆಗುತ್ತದೆ, ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನೆಬ್ಯುಲಾ ತೆಗೆಯುವವನಿಗೆ ಇದು ಹೇಳುವ ಮಾತಾ? ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ ಇದೊಂದೇ ಆದರೂ ಸಾಕು: ಬಾರ್ಲೋ ಇಲ್ಲದೆ, ಇದೇ ಕ್ಯಾಮೆರಾ ಹಾಕಿ, ದೂರದ ಕರೆಂಟ್ ಕಂಬವನ್ನು ಫೋಕಸ್ ಮಾಡಿದ ವಿಡಿಯೋ ಕಳಿಸಿ. ಕಳಿಸದಿದ್ದರೆ ಮಾತು ಅಲ್ಲಿಗೇ ಮುಗಿಸಿ.

ಮೌಂಟ್ ಕತೆ ಇನ್ನೂ ಕೆಟ್ಟದ್ದು. ಫೋಟೋ ವಿಷಯದಲ್ಲಿ ಟೆಲಿಸ್ಕೋಪಿಗಿಂತ ಅದನ್ನು ಹೊತ್ತು ತಿರುಗಿಸುವ ಮೌಂಟೇ ಮುಖ್ಯ ಅಂತ ಅನುಭವಸ್ಥರು ಹೇಳುವುದು ಸುಮ್ನೆ ಅಲ್ಲ. ಆಕಾಶ ಒಂದು ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ (ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್). 1,000 ಮಿ.ಮೀ. ಟ್ಯೂಬಿಗೆ 18 ಮೆಗಾಪಿಕ್ಸೆಲ್ ಕ್ಯಾಮೆರಾ ಹಾಕಿದರೆ ಅದು ಸೆಕೆಂಡಿಗೆ ಸುಮಾರು 17 ಪಿಕ್ಸೆಲ್. ಮೋಟರ್ ಇಷ್ಟನ್ನು ಕರಾರುವಾಕ್ಕಾಗಿ ಹಿಂಬಾಲಿಸಬೇಕು, ನಿಮಿಷಗಟ್ಟಲೆ. ‘ಆಟೋ ಟ್ರ್ಯಾಕಿಂಗ್’ ಅಂತ ಮಾರಿದ ಈ ಕಿಟ್‌ನಲ್ಲಿ ಇದ್ದದ್ದು 9 ವೋಲ್ಟ್ ಬ್ಯಾಟರಿಯ ಒಂದು ಪುಟಾಣಿ ಮೋಟರ್, ವೇಗ ಜಾಸ್ತಿ ಕಡಿಮೆ ಮಾಡೋಕೆ ಒಂದು ಗುಬುಟು. ರೇಡಿಯೋ ಸ್ಟೇಷನ್ ಹುಡುಕುವ ಹಾಗೆ ಅದನ್ನು ತಿರುಗಿಸುತ್ತಾ ನಕ್ಷತ್ರ ನಿಲ್ಲುತ್ತಾ ಅಂತ ನೋಡಬೇಕು. ಬ್ಯಾಟರಿ ಇಳಿದಂತೆ ವೇಗವೂ ಇಳಿಯುತ್ತದೆ. ಹಿಂಬಾಲಿಸುವುದರಲ್ಲಿನ ತಪ್ಪನ್ನು ಆಗಾಗ ತಿದ್ದುವ ಗೈಡಿಂಗ್ ಕೇಬಲ್ಲಿಗೆ ಪೋರ್ಟ್ ಇಲ್ಲವೇ ಇಲ್ಲ. ಪ್ಲಾಸ್ಟಿಕ್ ಫೋಕಸರಿಗೆ ಅರ್ಧ ಕೆಜಿ ಮೀರಿದ ಕ್ಯಾಮೆರಾ ನೇತುಹಾಕಿದರೆ ಅದು ಬಾಗಿಬಿಡುತ್ತದೆ, ಗಾಳಿ ಬೀಸಿದರಂತೂ ಕೇಳಲೇಬೇಡಿ.

ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕಾದ್ದು ಒಂದಿದೆ. ಆಕಾಶದ ಜೊತೆಗೇ ತಿರುಗುವ ಇಂಥ ಈಕ್ವಟೋರಿಯಲ್ ಮೌಂಟಿನ ಅಕ್ಷ ಆಕಾಶದ ಉತ್ತರ ಧ್ರುವಕ್ಕೆ ನೆಟ್ಟಗಿರಬೇಕು, ಅದರ ಪಕ್ಕದಲ್ಲೇ ಇರುವುದು ಧ್ರುವ ನಕ್ಷತ್ರ. ಆ ಧ್ರುವ ನಿಮ್ಮ ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿರುತ್ತದೆ. ತುಮಕೂರಲ್ಲಿ 13 ಡಿಗ್ರಿ, ಮೈಸೂರಲ್ಲಿ 12, ಬೀದರಿಗೆ ಹೋದರೂ 18ರ ಹತ್ತಿರ. ಈ ಅಗ್ಗದ ಮೌಂಟ್‌ಗಳು ಯುರೋಪಿನ 40, 50 ಡಿಗ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಹಾಗಿವೆ. ನನ್ನದನ್ನು 13ಕ್ಕೆ ಇಳಿಸಿದರೆ ಬೋಲ್ಟ್ ಕಚ್ಚಿಕೊಳ್ಳುತ್ತದೆ, ಹೇಗೋ ಇಳಿಸಿ ಟ್ಯೂಬು ತಿರುಗಿಸಿದರೆ ಸಮತೋಲನದ ತೂಕ ಹೊತ್ತ ಕಂಬಿ ಸ್ಟ್ಯಾಂಡಿನ ಕಾಲಿಗೆ ಬಡಿಯುತ್ತದೆ. ಒಳ್ಳೆಯ ಮೌಂಟ್ ಕೊಳ್ಳುವಾಗಲೂ ಕನಿಷ್ಠ ಅಕ್ಷಾಂಶ ಎಷ್ಟು ಅಂತ ಕೇಳಿ, 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸರಿ. ಕೊಳ್ಳೋಕೂ ಮುಂಚೆ ಹಿತ್ತಿಲಿನಲ್ಲಿ ಉತ್ತರಕ್ಕೆ ನಿಂತು ಅಷ್ಟು ಕೆಳಗಿನ ಧ್ರುವ ನಕ್ಷತ್ರ ಕಾಣುತ್ತದಾ, ಪಕ್ಕದ ಮನೆಯ ನೀರಿನ ಟ್ಯಾಂಕ್ ಅಡ್ಡ ಇದೆಯಾ ಅಂತಲೂ ನೋಡಿಕೊಳ್ಳಿ.

ಈಗ ಕ್ಯಾಮೆರಾ. ನಿಜವಾದ ಮೋಸ ಇದರಲ್ಲೇ ಇರೋದು, 58,000ದಲ್ಲಿ ದೊಡ್ಡ ಪಾಲು ಇದರದ್ದು. ನೀಹಾರಿಕೆಗಳ ಕೆಂಪು ಬಣ್ಣ ಹೈಡ್ರೋಜನ್ನಿನದ್ದು, 656.3 ನ್ಯಾನೋಮೀಟರಿನ ಬೆಳಕು. ಮಾಮೂಲಿ ಕ್ಯಾಮೆರಾದ ಸೆನ್ಸರ್ ಮುಂದಿನ ಫಿಲ್ಟರ್ ಅದರಲ್ಲಿ ಸುಮಾರು ಕಾಲು ಭಾಗ ಮಾತ್ರ ಒಳಗೆ ಬಿಡುತ್ತದೆ. ಅದಕ್ಕೇ ಕೆಲವರು ಕ್ಯಾಮೆರಾ ಬಿಚ್ಚಿ ಆ ಫಿಲ್ಟರ್ ಬದಲಿಸುತ್ತಾರೆ. ಹೀಗೆ ‘ಮಾಡಿಫೈ’ ಮಾಡಿದ್ದು ಅಂತ ಹೇಳಿ ನನಗೆ ಹಳೇ ಕ್ಯಾಮೆರಾ ಒಂದಕ್ಕೆ ಜಾಸ್ತಿ ಬೆಲೆ ಹಾಕಿದ್ದರು. ಎಂ42 ಎಷ್ಟು ಪ್ರಕಾಶಮಾನ ಅಂದರೆ ಮಾಮೂಲಿ ಕ್ಯಾಮೆರಾದಲ್ಲೂ ಗುಲಾಬಿಯಾಗಿ ಬರುತ್ತದೆ, ಆದ್ದರಿಂದ ಅದೊಂದನ್ನೇ ತೆಗೆದು ನೋಡಿದರೆ ಮೋಸ ಗೊತ್ತಾಗುವುದಿಲ್ಲ. ಕೊಳ್ಳುವವರು ಮೊದಲು ತೆಗೆಯುವುದೂ ಅದನ್ನೇ ಅಲ್ವಾ. ನನಗೆ ಅನುಮಾನ ಬಂದದ್ದು ರೋಸೆಟ್ ತೆಗೆಯೋಕೆ ಹೋದಾಗ. ಟೆಲಿಸ್ಕೋಪ್ ಪಕ್ಕಕ್ಕಿಟ್ಟು, ಗೆಳೆಯನ ಟ್ರ್ಯಾಕರ್ (ಆಕಾಶದ ಜೊತೆ ಕ್ಯಾಮೆರಾ ತಿರುಗಿಸುವ ಸಾಧನ) ಮೇಲೆ ಕ್ಯಾಮೆರಾ ಕೂರಿಸಿ ಬರೀ ಲೆನ್ಸಿನಲ್ಲಿ ತೆಗೆದರೂ ಕೆಂಪು ಏಳಲಿಲ್ಲ.

ಗೆಳೆಯನ ಹತ್ತಿರ ಅದೇ ಮಾಡೆಲ್ ಇತ್ತು, ಏನೂ ಮಾಡಿಸದ್ದು. ಎರಡನ್ನೂ ಡೇಲೈಟ್ ವೈಟ್ ಬ್ಯಾಲೆನ್ಸಿಗೆ ಇಟ್ಟು, ಒಂದೇ ಲೆನ್ಸ್ ಹಾಕಿ, ಮಧ್ಯಾಹ್ನದ ಬಿಸಿಲಲ್ಲಿ ಒಂದೇ ತೆಂಗಿನ ಮರದ ಫೋಟೋ ತೆಗೆದೆವು. ಫಿಲ್ಟರ್ ಬದಲಿಸಿದ ಕ್ಯಾಮೆರಾದಲ್ಲಿ ಎಲ್ಲ ಕೆಂಪು ಕೆಂಪಾಗಿ ಬರಬೇಕು. ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಅಂದರೆ ಆ ಕ್ಯಾಮೆರಾವನ್ನು ಯಾರೂ ಬಿಚ್ಚೇ ಇಲ್ಲ. ಇದರ ಉಲ್ಟಾ ಮೋಸವೂ ಇದೆ. ಫಿಲ್ಟರ್ ಕಿತ್ತು ಬದಲಿಗೆ ಏನೂ ಹಾಕದೆ ಮಾರುತ್ತಾರೆ. ಅದನ್ನು ಪತ್ತೆ ಮಾಡೋಕೆ ಟಿವಿ ರಿಮೋಟ್ ಹಿಡಿದು ಗುಂಡಿ ಒತ್ತುತ್ತಾ ಫೋಟೋ ತೆಗೆಯಿರಿ. ರಿಮೋಟಿನ ಮೂತಿ ಟಾರ್ಚಿನಷ್ಟು ಜೋರಾಗಿ ಹೊಳೆದರೆ ಇನ್‌ಫ್ರಾರೆಡ್ ತಡೆಯುವುದು ಏನೂ ಉಳಿದಿಲ್ಲ, ಲೆನ್ಸಿನಲ್ಲಿ ನಕ್ಷತ್ರಗಳು ಊದಿಕೊಂಡು ಬರುತ್ತವೆ.

‘ನೆಬ್ಯುಲಾ ಫಿಲ್ಟರ್’ ಬರೀ ಬಣ್ಣದ ಗಾಜು. ಅಸಲಿ ಫಿಲ್ಟರ್ ಕನ್ನಡಿ ತರ ಹೊಳೆಯುತ್ತದೆ, ಓರೆ ಹಿಡಿದರೆ ಬಣ್ಣ ಬದಲಾಗುತ್ತದೆ. ಇದು ಹೇಗೆ ಹಿಡಿದರೂ ಹಸಿರು.

ಅದರ ಪಕ್ಕದಲ್ಲೇ ಐಪೀಸಿಗೆ, ಅಂದರೆ ಕಣ್ಣಿಟ್ಟು ನೋಡುವ ಲೆನ್ಸಿಗೆ ತಿರುಪುವ ಒಂದು ಕಪ್ಪು ಗಾಜು ಇತ್ತು, ‘ಸನ್’ ಅಂತ ಬರೆದದ್ದು. ನಿಮ್ಮ ಡಬ್ಬದಲ್ಲಿ ಇದ್ದರೆ ಇವತ್ತೇ ಒಡೆದು ಕಸಕ್ಕೆ ಹಾಕಿ. ಕನ್ನಡಿ ಕೂಡಿಸಿಕೊಟ್ಟ ಬಿಸಿಲೆಲ್ಲ ಬೀಳುವ ಜಾಗದಲ್ಲಿ ಅದು ಕೂರುತ್ತದೆ, ಕಾದು ಸೀಳಿತು ಅಂದರೆ ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಸೂರ್ಯನ ಫಿಲ್ಟರ್ ಯಾವತ್ತಿದ್ದರೂ ಟ್ಯೂಬಿನ ಮುಂದಿನ ಬಾಯಿಗೆ ಹಾಕಬೇಕು. ದುಡ್ಡು ಹೋದರೆ ಹೋಯಿತು, ಈ ಗಾಜನ್ನು ಮಾತ್ರ ಮಕ್ಕಳ ಕೈಗೆ ಸಿಗುವ ಹಾಗೆ ಇಡಬೇಡಿ.

ವಾಪಸ್ ಕೊಡುತ್ತೇನೆ ಅಂದಾಗ ಬಂದ ಉತ್ತರ: ‘ಬಾಕ್ಸ್ ಓಪನ್ ಆಗಿದೆ ಸರ್, ಪಾಲಿಸಿ ಇಲ್ಲ.’ ಬಾಕ್ಸ್ ತೆರೆಯದೆ ಟೆಲಿಸ್ಕೋಪ್ ಉಪಯೋಗಿಸುವುದು ಹೇಗೆ ಅಂತ ಕೇಳಿದೆ, ಆಮೇಲೆ ಫೋನ್ ಎತ್ತಲಿಲ್ಲ. ಈ ಪಾಲಿಸಿ ಮಾತಿಗೆ ಹೆದರಬೇಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಸಾಮಾನನ್ನು ವಾಪಸ್ ತೆಗೆದುಕೊಳ್ಳಲ್ಲ ಅನ್ನುವಂತಿಲ್ಲ. ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ಅದರಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದಮೇಲೆ ಮಾರಿದವರ ಊರಿಗೆ ಅಲೆಯಬೇಕಾಗಿಲ್ಲ, ನಿಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಸಾಮಾನಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಇದಕ್ಕೆಲ್ಲ ಆಧಾರ ಬೇಕಲ್ಲ, ಅದಕ್ಕೇ ಮಾತುಕತೆಯನ್ನು ಫೋನಿಗಿಂತ ಮೆಸೇಜಿನಲ್ಲೇ ಮಾಡಿ, ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಡಬ್ಬ ತೆರೆಯುವಾಗ ವಿಡಿಯೋ ಮಾಡಿ. ಬಿಲ್ಲಿನಲ್ಲಿ ‘ಮಾಡಿಫೈಡ್ ಕ್ಯಾಮೆರಾ’ ಅಂತ ಬರೆಸಿಕೊಂಡದ್ದೇ ನನ್ನನ್ನು ಸ್ವಲ್ಪಮಟ್ಟಿಗೆ ಉಳಿಸಿತು.

ಹಾಗಾದರೆ ಏನು ಕೊಳ್ಳಬೇಕು ಅಂತ ಕೇಳುವವರಿಗೆ: ಶುರುವಿಗೆ ಏನೂ ಬೇಡ. ಕೈಯಲ್ಲಿರುವ ಕ್ಯಾಮೆರಾಗೆ 50 ಮಿ.ಮೀ. ಲೆನ್ಸ್ ಹಾಕಿ, ಸ್ಟ್ಯಾಂಡ್ ಮೇಲಿಟ್ಟು ಐದೈದು ಸೆಕೆಂಡಿನ 300 ಫೋಟೋ ತೆಗೆದು, ಸಿರಿಲ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಕೂಡಿಸಿದರೆ 25 ನಿಮಿಷದ ಬೆಳಕು ಸಿಕ್ಕಿತು. ಎಂ42 ಚಿಕ್ಕದಾಗಿಯಾದರೂ ಚೆನ್ನಾಗಿಯೇ ಬರುತ್ತದೆ. ಈ ಕೆಲಸ ಹಿಡಿಸಿದರೆ ಮುಂದಿನ ದುಡ್ಡು ಟ್ರ್ಯಾಕರಿಗೋ ಒಳ್ಳೆಯ ಮೌಂಟಿಗೋ ಹಾಕಿ, ಟೆಲಿಸ್ಕೋಪ್ ಕೊನೆಗೆ.

ನನ್ನ ಕೇಸಿನಲ್ಲಿ ಸಹಾಯವಾಣಿಗೆ ದೂರು ಹೋದ ಮೇಲೆ ಕ್ಯಾಮೆರಾ ವಾಪಸ್ ತೆಗೆದುಕೊಂಡು ಅದರ ದುಡ್ಡು ಮಾತ್ರ ಹಾಕಿದ್ದಾರೆ. ಟ್ಯೂಬು, ಮೌಂಟ್ ಇನ್ನೂ ನಮ್ಮ ಅಟ್ಟದ ಮೇಲಿವೆ. ಆ ಬಾಕಿಗೆ ಆಯೋಗದಲ್ಲಿ ಅರ್ಜಿ ಹಾಕಿದ್ದೇನೆ, ನೋಟಿಸ್ ಹೋಗಿದೆ. ಇದೇ ತರದ ಕಿಟ್ ಕೊಂಡು ಮೋಸಹೋದವರು ಇದ್ದರೆ ಬಿಲ್ಲು, ಮೆಸೇಜು ಅಳಿಸಬೇಡಿ.