ಓಲ್ಡ್ಸ್ ಅಂಬಾಸಡರ್ ಟ್ರಂಪೆಟ್: ಆರು ವರ್ಷ ಊದಿದ ಮೇಲೆ

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಗಳು ಶಾಲೆಯ ಬ್ಯಾಂಡಿಗೆ ಸೇರಿದಾಗ ಮೊದಲು ಕೊಂಡದ್ದು ಅಗ್ಗದ ಹೊಸ ಟ್ರಂಪೆಟ್. ಮೂರೇ ತಿಂಗಳು. ಬೆರಳಲ್ಲಿ ಒತ್ತುವ ಮೂರು ಪಿಸ್ಟನ್‌ಗಳಲ್ಲಿ ಎರಡನೆಯದನ್ನು ಒತ್ತಿದರೆ ಮೇಲೆ ಬರುತ್ತಿರಲಿಲ್ಲ. ರಿಪೇರಿಯವರು ನೋಡಿ, ಇದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ ಅಂದರು. ಅವರ ಕಪಾಟಿನಲ್ಲಿದ್ದ, ಓಲ್ಡ್ಸ್ ಕಂಪನಿಯ ಅಂಬಾಸಡರ್ ಅನ್ನುವ ಹಳೆಯ ಟ್ರಂಪೆಟ್ಟನ್ನು 220 ಡಾಲರಿಗೆ ಮನೆಗೆ ತಂದೆವು. ಈಗ ಸಂಜೆ ಹೊತ್ತು ನಾನೂ ಊದುತ್ತೇನೆ.

ಇದು ವಿದ್ಯಾರ್ಥಿಗಳಿಗೆಂದೇ ಮಾಡಿದ ಮಾಡೆಲ್. ಆದರೆ ಇಲ್ಲಿ ಹಾಗಂದರೆ ಕಳಪೆ ಅಂತಲ್ಲ, ಮಕ್ಕಳು ಬೀಳಿಸಿದರೂ ತಡೆಯಬೇಕು ಅಂತ. ಕ್ಲೀವ್‌ಲ್ಯಾಂಡಿನಲ್ಲಿ ತನ್ನದೇ ಹೆಸರಿನ ವಾದ್ಯ ಕಂಪನಿ ಕಟ್ಟಿದ್ದ ಫಾಸ್ಟರ್ ರೆನಾಲ್ಡ್ಸ್ 1940ರ ದಶಕದ ಕೊನೆಯಲ್ಲಿ ಓಲ್ಡ್ಸ್‌ಗೆ ಬಂದ ಮೇಲೆ ಈ ಅಂಬಾಸಡರ್ ಹುಟ್ಟಿದ್ದು. ದನಿ ಹೊರಬರುವ ಅಗಲ ಬಾಯಿಯ, ಅಂದರೆ ಬೆಲ್‌ನ ಮೇಲೆ ಲಾಸ್ ಏಂಜಲೀಸ್ ಎಂದಿದ್ದರೆ ಮೊದಲ ವರ್ಷಗಳದ್ದು, ನಮ್ಮದರ ಹಾಗೆ ಫುಲರ್ಟನ್ ಎಂದಿದ್ದರೆ ಆಮೇಲಿನದು. ಕೈಗೆ ತೂಕ ಗೊತ್ತಾಗುತ್ತದೆ. ದನಿ ತುಂಬಿಕೊಂಡು ಬರುತ್ತದೆ, ಮೆಲ್ಲಗೆ ಊದಿದರೂ ಒಡೆಯುವುದಿಲ್ಲ. ನನಗೆ ತುಂಬಾ ಇಷ್ಟವಾದದ್ದು ಇದೇ.

ಕೊರತೆಯೂ ಇದೆ. ಕೆಳಗಿನ ಡಿ, ಸಿ ಶಾರ್ಪ್ ಸ್ವರಗಳು ಇರಬೇಕಾದ್ದಕ್ಕಿಂತ ಸ್ವಲ್ಪ ಮೇಲೆ ಬರುತ್ತವೆ, ಇಳಿಸಲು ಮೂರನೇ ಪಿಸ್ಟನ್ನಿನ ಸ್ಲೈಡನ್ನು, ಅಂದರೆ ಜಾರುವ ಕೊಳವೆಯನ್ನು, ಅದರ ಉಂಗುರದಲ್ಲಿ ಬೆರಳಿಟ್ಟು ಹೊರಗೆ ಎಳೆಯಲೇಬೇಕು. ಟ್ರಂಪೆಟ್ ಅಂದಮೇಲೆ ಅದು ಇದ್ದದ್ದೇ, ಆದರೆ ಹೊಸ ಮಕ್ಕಳಿಗೆ ಮೊದಲೇ ಹೇಳಿಕೊಡಿ. ಮೇಲಿನ ಹೊಳಪಿನ ಲೇಪ, ಲ್ಯಾಕರ್, ಕೈ ಹಿಡಿಯುವ ಕಡೆಯೆಲ್ಲ ಹೋಗಿದೆ, ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಹೆದರಿದ್ದು ನಾಲ್ಕನೇ ವರ್ಷ ಬಾಯಿಯ ಕಡೆಯಿಂದ ಶುರುವಾಗುವ ಮೊದಲ ಕೊಳವೆ, ಲೀಡ್‌ಪೈಪಿನ ಮೇಲೆ ಗುಲಾಬಿ ಬಣ್ಣದ ಚುಕ್ಕೆ ಕಂಡಾಗ. ಹಿತ್ತಾಳೆಯೊಳಗಿನ ಸತು ಹೋಗಿ ಬರೀ ತಾಮ್ರ ಉಳಿಯುತ್ತಾ ಬರುತ್ತದೆ, ಕೊನೆಗೆ ತೂತು ಬೀಳುತ್ತದೆ. ಊದಿದ ಮೇಲೆ ನೀರು ತೆಗೆಯದೆ ಪೆಟ್ಟಿಗೆಯಲ್ಲಿ ಇಡುತ್ತಿದ್ದೆವು, ತಪ್ಪು ನಮ್ಮದೇ. ಈಗ ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರಲ್ಲಿ ಬ್ರಷ್ ಹಾಕಿ ತೊಳೆಯುತ್ತೇವೆ, ಚುಕ್ಕೆ ಬೆಳೆದಿಲ್ಲ.

ಕೊಳ್ಳುವಾಗ ಹೊಳಪು ನೋಡಬೇಡಿ, ವಾಲ್ವ್, ಅಂದರೆ ಪಿಸ್ಟನ್ನು ಮತ್ತು ಅದು ಓಡಾಡುವ ಕೊಳವೆ, ನೋಡಿ. ಮೊದಲನೇ ವಾಲ್ವಿನ ಸ್ಲೈಡನ್ನು ಸ್ವಲ್ಪ ಎಳೆದು, ಎರಡು ಕ್ಷಣ ಬಿಟ್ಟು, ಆ ವಾಲ್ವ್ ಒತ್ತಿ. ‘ಟಪ್’ ಅಂತ ಸದ್ದು ಬಂದರೆ ಗಾಳಿ ಸೋರುತ್ತಿಲ್ಲ. ಸದ್ದಿಲ್ಲ ಅಂದರೆ ಪಿಸ್ಟನ್ ಸವೆದಿರಬಹುದು, ಅದರ ರಿಪೇರಿಗೆ ವಾದ್ಯಕ್ಕಿಂತ ಜಾಸ್ತಿ ಖರ್ಚಾಗುತ್ತದೆ. ತುಟಿಗಿಟ್ಟು ಊದುವ ಮೌತ್‌ಪೀಸ್ ಸಿಕ್ಕಿಕೊಂಡಿದ್ದರೆ ಇಕ್ಕಳ ಹಾಕಬೇಡಿ ದಯವಿಟ್ಟು, ಅದನ್ನು ತೆಗೆಯುವ ಸಾಧನವೇ ಬೇರೆ ಇದೆ.

ಕಾನ್ ಕಂಪನಿಯ ಡೈರೆಕ್ಟರ್ ಅನ್ನುವ ಟ್ರಂಪೆಟ್ ಕೂಡ ಊದಿ ನೋಡಿದ್ದೆವು. ಅದರ ಕೆಲವು ಮಾಡೆಲ್‌ಗಳಲ್ಲಿ ಕಾಪ್ರಿಯಾನ್ ಅನ್ನುವ ಬೆಲ್ ಇರುತ್ತದೆ, ವಿದ್ಯುತ್ತಿನಿಂದ ತಾಮ್ರ ಕೂರಿಸಿ ಜೋಡಿಕೆಯೇ ಇಲ್ಲದೆ ಮಾಡಿದ್ದು. ದನಿ ಬಲು ಮೃದು. ಮಗಳಿಗೆ ಓಲ್ಡ್ಸ್‌ನ ಗಟ್ಟಿ ದನಿಯೇ ಬೇಕಿತ್ತು.

ಓಲ್ಡ್ಸ್ 1979ರಲ್ಲಿ ಮುಚ್ಚಿತು. ಬಿಡಿಭಾಗ ಬೇಕಾದರೆ ಇನ್ನೊಂದು ಹಳೆಯ ಅಂಬಾಸಡರ್ ಹುಡುಕಬೇಕು. ಜಜ್ಜಿಹೋದ ಒಂದನ್ನು ನಾವು ಅದಕ್ಕೆಂದೇ 40 ಡಾಲರಿಗೆ ತಂದು ಇಟ್ಟುಕೊಂಡಿದ್ದೇವೆ.